ಮಲೆನಾಡಿನ ಅಂಗಳಕ್ಕೆ ಯಾವ ಕೋಳಿ?

ಮನೆಯಲ್ಲಿ ಐದಾರು ಕೋಳಿ ಸಾಕಬೇಕು, ಅದೂ ಎಲ್ಲರಲ್ಲಿ ಇರುವಂಥದ್ದಲ್ಲ, ಅಪರೂಪದ ತಳಿಯೇ ಆಗಬೇಕು ಎಂದು ಹೊರಟವರ ಕಣ್ಣಿಗೆ ಮೊದಲು ಬೀಳುವುದು ಕಡಕ್‌ನಾಥ್. ಪುಕ್ಕ, ಜುಟ್ಟು, ಕಾಲು, ಮಾಂಸ ಎಲ್ಲ ಕಪ್ಪಾಗಿರುವ ಈ ಕೋಳಿಯ ಫೋಟೊವನ್ನು ಮೊಬೈಲಿನಲ್ಲಿ ಒಮ್ಮೆ ನೋಡಿದವರು ಮರೆಯುವುದಿಲ್ಲ. ಅದರ ತವರು ಮಧ್ಯಪ್ರದೇಶದ ಝಾಬುವಾ. ಅಲ್ಲಿ ವರ್ಷವಿಡೀ ಬೀಳುವ ಮಳೆ ಸಾವಿರ ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಇತ್ತ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯ ವಾರ್ಷಿಕ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು. ಹೊಸನಗರದ ಹುಲಿಕಲ್ಲು ಕೆಲವು ವರ್ಷ ಆಗುಂಬೆಯನ್ನೂ ಹಿಂದಿಕ್ಕುತ್ತದೆ. ಸಾಗರದ ಹೆಗ್ಗೋಡಿನಲ್ಲಿ ಅಷ್ಟು ಮಳೆಯಿಲ್ಲ ನಿಜ. ಆದರೂ ಜೂನ್‌ನಲ್ಲಿ ಒದ್ದೆಯಾದ ಅಂಗಳ ಸರಿಯಾಗಿ ಒಣಗುವುದು ನವರಾತ್ರಿಯ ಹೊತ್ತಿಗೆ.

ಹಾಗಾಗಿ ಇಲ್ಲಿ ತಳಿಗಳ ಪಟ್ಟಿಯನ್ನು ಮಳೆಯ ಕಡೆಯಿಂದ ಓದಬೇಕು. ಬಣ್ಣ, ಹೆಸರು, ಬೆಲೆ ಎಲ್ಲ ಆಮೇಲೆ.

ದೇಶಿ ಸಾಕುಪ್ರಾಣಿಗಳ ತಳಿಗಳನ್ನು ಅಧಿಕೃತವಾಗಿ ನೋಂದಾಯಿಸುವುದು ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ. ಅದರ ಪಟ್ಟಿಯಲ್ಲಿ ಇಪ್ಪತ್ತರ ಆಸುಪಾಸು ಕೋಳಿ ತಳಿಗಳಿವೆ: ಅಸೀಲ್, ಕಡಕ್‌ನಾಥ್, ನಿಕೋಬಾರಿ, ಅಂಕಲೇಶ್ವರ, ಬುಸ್ರಾ, ಮೇವಾಡಿ, ಕಾಳಹಸ್ತಿ, ತೆಲ್ಲಿಚೆರಿ ಇತ್ಯಾದಿ. ಕರ್ನಾಟಕದ ಹೆಸರು ಸೇರಿಕೊಂಡಿರುವುದು ಘಾಗಸ್ ತಳಿಯ ಜೊತೆಗೆ, ಅದೂ ಆಂಧ್ರದೊಂದಿಗೆ ಹಂಚಿಕೊಂಡು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಬಯಲುಸೀಮೆಯ ಆ ಕೋಳಿಗೂ ಪಶ್ಚಿಮ ಘಟ್ಟದ ಕಾನಿಗೂ ಸಂಬಂಧವಿಲ್ಲ. ವಿಚಿತ್ರವೆಂದರೆ, ಇದೇ ಬ್ಯೂರೊ ಇಲ್ಲಿನ ಪುಟ್ಟ ಹಸುವನ್ನು ‘ಮಲ್ನಾಡ್ ಗಿಡ್ಡ’ ಎಂದು ನೋಂದಾಯಿಸಿದೆ. ಅದೇ ಕೊಟ್ಟಿಗೆಯ ಪಕ್ಕದಲ್ಲಿ, ಅದೇ ಮಳೆ ತಿಂದು, ಅದೇ ಚಿರತೆ-ಮುಂಗುಸಿಗಳ ನಡುವೆ ತಲೆಮಾರುಗಳಿಂದ ಬದುಕಿದ ಊರುಕೋಳಿ ಮಾತ್ರ ಸರ್ಕಾರಿ ಕಾಗದದಲ್ಲಿ ಹೆಸರಿಲ್ಲದ ‘ನಾಟಿ’ಯಾಗಿ ಉಳಿದಿದೆ. ಹೆಸರಿಲ್ಲದ್ದಕ್ಕೆ ಯಾರೂ ಜಾಹೀರಾತು ಕೊಡುವುದಿಲ್ಲ. ಹೆಗ್ಗೋಡಿನ ಸುತ್ತ ಅಪರೂಪದ ಕೋಳಿ ಹುಡುಕುವವರು ಮೊದಲು ಕೇಳಬೇಕಾದದ್ದು ಈ ಹೆಸರಿಲ್ಲದ ಕೋಳಿಯನ್ನೇ. ಏಕೆಂದರೆ ಕಡಕ್‌ನಾಥ್ ಈಗ ದೇಶದ ತುಂಬ ಇದೆ, ಅಪ್ಪಟ ಊರುಕೋಳಿ ಒಂದೊಂದೇ ಮನೆಯಿಂದ ಮರೆಯಾಗುತ್ತಿದೆ.

ಇದನ್ನು ಮರುಕದ ಮಾತೆಂದುಕೊಳ್ಳಬೇಕಿಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಹಿತ್ತಲ ಕೋಳಿಗಳ ಸಂಖ್ಯೆ ಸುಮಾರು 31.7 ಕೋಟಿ, ಹಿಂದಿನ ಗಣತಿಗಿಂತ ಶೇ 46ರಷ್ಟು ಹೆಚ್ಚಳ. ಕೋಳಿ ಕಡಿಮೆಯಾಗಿಲ್ಲ. ಆದರೆ ಹಿತ್ತಲಲ್ಲಿ ಈಗ ಓಡಾಡುವ ಬಣ್ಣದ ಕೋಳಿಗಳಲ್ಲಿ ದೊಡ್ಡ ಪಾಲು ಸಂಶೋಧನಾ ಕೇಂದ್ರಗಳಲ್ಲಿ, ಹ್ಯಾಚರಿಗಳಲ್ಲಿ ರೂಪುಗೊಂಡ ಮಿಶ್ರತಳಿಗಳದ್ದು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜು ರೂಪಿಸಿದ ಗಿರಿರಾಜ ಇವುಗಳಲ್ಲಿ ಹಳೆಯದು. 1980ರ ದಶಕದ ಕೊನೆಗೆ ಬಂದದ್ದು. ಆಮೇಲೆ ಅಲ್ಲಿಂದಲೇ ಸ್ವರ್ಣಧಾರಾ ಬಂತು. ಹೈದರಾಬಾದಿನಿಂದ ವನರಾಜ, ಗ್ರಾಮಪ್ರಿಯ ಬಂದವು. ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆ ಕಾವೇರಿಯನ್ನು ಕೊಟ್ಟಿತು. ಮೊಟ್ಟೆಯ ಲೆಕ್ಕವೊಂದೇ ಮುಖ್ಯವಾದರೆ ಇವನ್ನು ತೆಗಳಲು ಕಾರಣವೇ ಇಲ್ಲ. ಊರು ಹೇಂಟೆ ವರ್ಷಕ್ಕೆ ಮೂರ್ನಾಲ್ಕು ಸರದಿಯಲ್ಲಿ ಐವತ್ತು-ಅರವತ್ತು ಮೊಟ್ಟೆ ಇಟ್ಟರೆ ಹೆಚ್ಚು. ಗಿರಿರಾಜ ಅದರ ಎರಡರಷ್ಟನ್ನು ಮೀರುತ್ತದೆ, ಸ್ವರ್ಣಧಾರಾ ಇನ್ನೂ ಮುಂದಿದೆ.

ತೊಡಕು ಬೇರೆ ಕಡೆ ಇದೆ. ಇವು ಕಾವಿಗೆ ಕೂರುವುದು ಅಪರೂಪ. ಊರು ಹೇಂಟೆಯನ್ನೋ ಯಂತ್ರವನ್ನೋ ಬಳಸಿ ಮರಿ ಮಾಡಿಸಿದರೂ, ಎರಡನೇ ತಲೆಮಾರಿನಲ್ಲಿ ತಾಯಿತಂದೆಯ ಗುಣ ಒಂದೇ ಹದದಲ್ಲಿ ಉಳಿಯುವುದಿಲ್ಲ. ಅಂದರೆ ಪ್ರತಿ ಸಲವೂ ಮರಿ ಕೊಂಡು ತರಬೇಕು. ಜೊತೆಗೆ ಮೈತೂಕ. ಬಲಿತ ಗಿರಿರಾಜ ಹುಂಜ ಮೂರು ಕಿಲೋ ದಾಟುತ್ತದೆ. ಹದ್ದು ಎರಗಿದಾಗ ಲಂಟಾನ ಪೊದೆಯೊಳಗೆ ನುಸುಳುವುದು, ಸಂಜೆ ಹಲಸಿನ ಕೊಂಬೆಗೆ ಹಾರುವುದು ಅದರ ಕೈಲಾಗದು. ಕಿಲೋ-ಒಂದೂವರೆ ಕಿಲೋದ ಊರು ಹೇಂಟೆಗೆ ಅದು ನಿತ್ಯದ ಕೆಲಸ.

ಹಾಗಾದರೆ ಊರುಕೋಳಿಯಲ್ಲಿ ಆರಿಸುವುದು ಎಂದರೇನು? ಎಲ್ಲವೂ ಒಂದೇ ಅಲ್ಲವೇ?

ಅಲ್ಲ. ಹಳ್ಳಿಯ ಹಿಂಡನ್ನು ಹತ್ತು ನಿಮಿಷ ನಿಂತು ನೋಡಿದರೆ ಮೂರ್ನಾಲ್ಕು ಬಗೆ ಬೇರ್ಪಡುತ್ತವೆ. ಕತ್ತಿಗೆ ಪುಕ್ಕವೇ ಇಲ್ಲದ ಬೋಳು ಕತ್ತಿನ ಕೋಳಿ. ಗರಿಗಳೆಲ್ಲ ಹಿಂದಕ್ಕೆ ಸುರುಳಿಯಾದ ಕೋಳಿ. ತಲೆಯ ಮೇಲೆ ಗರಿಗಳ ಜುಟ್ಟಿರುವುದು. ನೆಲಕ್ಕೆ ಹೊಟ್ಟೆ ತಾಗುವಂಥ ಗಿಡ್ಡ ಕಾಲಿನದು. ಇವೆಲ್ಲ ನೋಟದ ಚಂದಕ್ಕೆ ಮಾತ್ರ ಇರುವ ವ್ಯತ್ಯಾಸಗಳಲ್ಲ. ಒಂದೊಂದರ ಹಿಂದೆಯೂ ಒಂದೊಂದು ಜೀನ್ ಇದೆ, ಸಾಕುವವರಿಗೆ ಅದರ ಲಾಭ-ನಷ್ಟವೂ ಇದೆ.

ಬೋಳು ಕತ್ತಿನದನ್ನೇ ನೋಡೋಣ. ಆ ಜೀನ್ ಒಂದೇ ಕಡೆಯಿಂದ, ಅಂದರೆ ತಾಯಿಯಿಂದಲೋ ತಂದೆಯಿಂದಲೋ ಬಂದಿದ್ದರೆ ಮೈಮೇಲಿನ ಪುಕ್ಕ ಸುಮಾರು ಶೇ 20ರಷ್ಟು ಕಡಿಮೆ. ಎರಡೂ ಕಡೆಯಿಂದ ಬಂದಿದ್ದರೆ ಸುಮಾರು ಶೇ 40. ಯಾವುದು ಎಂದು ತಿಳಿಯಲು ಪ್ರಯೋಗಾಲಯ ಬೇಡ. ಕತ್ತಿನ ಬುಡದಲ್ಲಿ, ಮುಂಭಾಗಕ್ಕೆ ಒಂದು ಗೊಂಚಲು ಗರಿ ಉಳಿದಿದ್ದರೆ ಒಂದೇ ಕಡೆಯದು. ಪೂರ್ತಿ ಬೋಳಾಗಿದ್ದರೆ ಎರಡೂ ಕಡೆಯದು. ಪುಕ್ಕ ಕಡಿಮೆಯಿದ್ದರೆ ಮೈಯ ಬಿಸಿ ಬೇಗ ಹೊರಹೋಗುತ್ತದೆ. ಬಳ್ಳಾರಿ, ರಾಯಚೂರಿನ ಬಿಸಿಲಿಗೆ ಇದು ವರ. ಉತ್ತರ ಪ್ರದೇಶದ ಇಜ್ಜತ್‌ನಗರದಲ್ಲಿರುವ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಬೋಳು ಕತ್ತಿನ ಕೋಳಿಯಿಂದ ಹಿತ್‌ಕ್ಯಾರಿ, ಸುರುಳಿ ಗರಿಯದರಿಂದ ಉಪ್‌ಕ್ಯಾರಿ ಎಂಬ ಹಿತ್ತಲ ತಳಿಗಳನ್ನು ರೂಪಿಸಿದ್ದರ ಹಿಂದೆಯೂ ಇದೇ ಲೆಕ್ಕಾಚಾರ. ಆದರೆ ಹುಲಿಕಲ್ಲಿನ ಜುಲೈ ತಿಂಗಳಿಗೆ ಅದೇ ವರ ಭಾರವಾಗುತ್ತದೆ. ಗಾಳಿ ಸಹಿತ ಮಳೆಯಲ್ಲಿ ನೆನೆದ ಬೋಳು ಕತ್ತಿನ ಮರಿ ನಡುಗುತ್ತದೆ. ಸುರುಳಿ ಗರಿಯ ಕೋಳಿಯದು ಇನ್ನೂ ಕಷ್ಟ: ಅದರ ಗರಿ ಮೈಗೆ ಒತ್ತಿ ಕೂರುವುದಿಲ್ಲ, ನೀರು ನೇರ ಚರ್ಮಕ್ಕೆ ಇಳಿಯುತ್ತದೆ, ಹಾರಾಟವೂ ಅಷ್ಟಕ್ಕಷ್ಟೆ. ಮಳೆಗಾಲದಲ್ಲಿ ಕೋಳಿಯನ್ನು ಒಳಗಿಡಲು ಒಣ ಜಾಗವಿರುವ, ಅಂಗಳದಲ್ಲಿ ಹೊತ್ತು ಹೊತ್ತಿಗೆ ಜನ ಓಡಾಡುವ ಮನೆಗೆ ಮಾತ್ರ ಇವು ಸರಿ. ಹೆಗ್ಗೋಡು, ಪುರಪ್ಪೆಮನೆಯ ಕಡೆ ಸಾಧ್ಯ. ಆಗುಂಬೆಯ ಅಂಚಿನಲ್ಲಿ ಬೇಡ.

ಸುರುಳಿ ಗರಿಯ ಕೋಳಿಯೇ ಬೇಕೆಂದು ಮನಸ್ಸು ಮಾಡಿದವರು ಜೋಡಿ ಕಟ್ಟುವಾಗ ಒಂದು ಎಚ್ಚರ ವಹಿಸಬೇಕು. ಹುಂಜ, ಹೇಂಟೆ ಎರಡೂ ಸುರುಳಿಯವಾದರೆ ಮರಿಗಳಲ್ಲಿ ಸರಾಸರಿ ನಾಲ್ಕರಲ್ಲಿ ಒಂದಕ್ಕೆ ಎರಡೂ ಕಡೆಯ ಜೀನ್ ಬಂದು, ಗರಿ ಪುಡಿಪುಡಿಯಾಗಿ ಉದುರಿ, ಮೈ ಬಹುಪಾಲು ಬೋಳಾಗುತ್ತದೆ. ಅಂಥ ಮರಿ ಮಲೆನಾಡಿನ ಒಂದು ಮಳೆಗಾಲ ದಾಟುವುದು ಕಷ್ಟ. ಸುರುಳಿ ಹುಂಜಕ್ಕೆ ಸಾಮಾನ್ಯ ಗರಿಯ ಹೇಂಟೆ ಜೋಡಿಸಿದರೆ ಅರ್ಧ ಮರಿಗಳು ಸುರುಳಿ, ಅರ್ಧ ಸಾಮಾನ್ಯ, ಯಾವುದೂ ಬೋಳಲ್ಲ. ಗಿಡ್ಡ ಕಾಲಿನ ಕೋಳಿಯ ವಿಷಯದಲ್ಲಿ ಜೋಡಿಯ ಲೆಕ್ಕ ಇನ್ನೂ ಕಟುವಾದದ್ದು. ಗಿಡ್ಡಕ್ಕೆ ಗಿಡ್ಡ ಕೂಡಿಸಿದರೆ ಎರಡೂ ಕಡೆಯ ಜೀನ್ ಪಡೆದ ಭ್ರೂಣ ಮೊಟ್ಟೆಯೊಳಗೇ ಸಾಯುತ್ತದೆ. ‘ಕಾವು ಸರಿಯಾಗಲಿಲ್ಲ’ ಎಂದು ಪಾಪ ಹೇಂಟೆಯನ್ನು ಬೈದುಕೊಂಡವರು ಎಷ್ಟು ಜನರೋ.

ಮಳೆಗೆ ಒಗ್ಗುವುದು ಯಾವುದು ಎಂದರೆ, ಮೈಗೆ ಬಿಗಿಯಾಗಿ ಒತ್ತಿದ ಗರಿಯ, ಸಣ್ಣ ಮೈಯ, ಉದ್ದ ಕಾಲಿನ, ಕಂದು ಅಥವಾ ಕಪ್ಪು ಚುಕ್ಕೆಯ ಹೇಂಟೆ. ಬಣ್ಣಕ್ಕೂ ಇಲ್ಲಿ ಬೆಲೆಯಿದೆ. ಬಿಳಿ ಕೋಳಿ ಅಂಗಳದಲ್ಲಿ ಚಂದ ಕಾಣುವಷ್ಟೇ ಚೆನ್ನಾಗಿ ಆಕಾಶದ ಹದ್ದಿಗೂ ಕಾಣುತ್ತದೆ. ತರಗೆಲೆಯ ಬಣ್ಣದ ಹೇಂಟೆ ಅಡಿಕೆ ತೋಟದ ನೆರಳಲ್ಲಿ ಮರಿಗಳ ಮೇಲೆ ರೆಕ್ಕೆ ಹರಡಿ ಕುಳಿತರೆ ಎರಡು ಮಾರು ದೂರದ ಮನುಷ್ಯನಿಗೂ ಗೊತ್ತಾಗುವುದಿಲ್ಲ. ಕಾಲು ಹಳದಿ ಇದ್ದರೆ ಒಳ್ಳೆಯದೆಂಬ ನಂಬಿಕೆ ಕೊಳ್ಳುವವರಲ್ಲಿದೆ. ಹಳದಿ ಬಣ್ಣದಿಂದ ಗುಣ ಹೆಚ್ಚುತ್ತದೆಂದು ಹೇಳಲಾಗದು, ಆದರೆ ಅದರ ಮೂಲ ಮಾತ್ರ ಸ್ವಾರಸ್ಯದ್ದು. ಸಾಕು ಕೋಳಿಯ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿ. ಆದರೆ ಹಳದಿ ಚರ್ಮದ ಜೀನ್ ಬಂದದ್ದು ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ವಿಜ್ಞಾನಿಗಳ ತಂಡ ತೋರಿಸಿತು. ಬೂದು ಕಾಡುಕೋಳಿ ಎಂದರೆ ಶರಾವತಿ ಕಣಿವೆಯಲ್ಲಿ ಬೆಳಗಿನ ಜಾವ ಕೂಗುವ ಅದೇ ಕಾಡುಕೋಳಿ. ಹಾಗೆಂದು ಕಾಡಿನಿಂದ ಅದರ ಮೊಟ್ಟೆ ತಂದು ಮನೆ ಹೇಂಟೆಯ ಕೆಳಗಿಡುವ ಹಳೆಯ ಚಟ ಬೇಡ. 1972ರ ವನ್ಯಜೀವಿ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ. ಅದರ ಮೊಟ್ಟೆ ಎತ್ತುವುದೂ ಅಪರಾಧ.

ಹೆಸರಿರುವ ತಳಿಯೇ ಬೇಕು ಎನ್ನುವವರಿಗೆ ತೆಲ್ಲಿಚೆರಿ ಕೋಳಿಯತ್ತ ನೋಡಲು ಹೇಳಬಹುದು. ಉತ್ತರ ಕೇರಳದ ಕಣ್ಣೂರು, ಕೋಝಿಕ್ಕೋಡು, ಮಾಹೆಯ ಕಡೆಯದು ಇದು. ಕಾಸರಗೋಡಿನ ಕನ್ನಡಿಗರಿಗೆ ನೆರೆಯ ಜಿಲ್ಲೆಯ ಕೋಳಿ. ಕಪ್ಪು ಗರಿಯ ಮೇಲೆ ನೀಲಿ ಹೊಳಪು, ಚುರುಕು ನಡೆ, ಸಣ್ಣ ಮೈ. ಮುಖ್ಯವಾಗಿ ಅದು ಕರಾವಳಿಯ ಜಡಿಮಳೆ ತಿಂದು ಬೆಳೆದದ್ದು. ನೋಂದಾಯಿತ ತಳಿಗಳಲ್ಲಿ ಮಲೆನಾಡಿನ ಹವೆಗೆ ಇಷ್ಟು ಹತ್ತಿರದ ಇನ್ನೊಂದನ್ನು ಹುಡುಕುವುದು ಕಷ್ಟ.

ಕಡಕ್‌ನಾಥ್ ಬೇಡವೇ ಬೇಡ ಎಂದೇನಲ್ಲ. ಅದರ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಕೊಬ್ಬು ಕಡಿಮೆ, ಒಣ ಗೂಡು ಕಟ್ಟಿಕೊಟ್ಟರೆ ಇಲ್ಲೂ ಬದುಕುತ್ತದೆ. ಎಚ್ಚರ ಬೇಕಿರುವುದು ಮಾರುವವರ ಮಾತಿನ ಬಗ್ಗೆ. ಕಡಕ್‌ನಾಥ್ ಮೊಟ್ಟೆ ಕಪ್ಪಗಿರುವುದಿಲ್ಲ. ತಿಳಿಗಂದು ಅಥವಾ ಕೆನೆಬಣ್ಣದ್ದು. ಕಪ್ಪು ಮೊಟ್ಟೆಯ ಫೋಟೊ ತೋರಿಸುವವರ ಹತ್ತಿರ ಕೋಳಿಯನ್ನೂ ಕೊಳ್ಳಬಾರದು. ಇಜ್ಜತ್‌ನಗರದ ಸಂಸ್ಥೆ ಕೊಡುವ ಅಂಕಿಗಳಂತೆ ಕಡಕ್‌ನಾಥ್ ವರ್ಷಕ್ಕೆ ನೂರರ ಆಸುಪಾಸು ಮೊಟ್ಟೆ ಇಡುತ್ತದೆ, ಐದು ತಿಂಗಳಾದರೂ ಒಂದು ಕಿಲೋ ಮುಟ್ಟುವುದಿಲ್ಲ. ಆ ಲೆಕ್ಕವೂ ಫಾರಂನಲ್ಲಿ ಅಳೆದು ಆಹಾರ ಹಾಕಿದಾಗಿನದು; ಹಿತ್ತಲಿನಲ್ಲಿ ಇನ್ನೂ ಕಡಿಮೆ. ಮರಿ ಕೊಟ್ಟು ಬೆಳೆದ ಕೋಳಿಯನ್ನು ದುಬಾರಿ ಬೆಲೆಗೆ ತಾವೇ ಕೊಳ್ಳುತ್ತೇವೆಂದು ಹೇಳಿ ಹಣ ಕಟ್ಟಿಸಿಕೊಂಡ ಯೋಜನೆಯೊಂದು 2019ರಲ್ಲಿ ಸಾಂಗ್ಲಿ, ಕೊಲ್ಹಾಪುರದ ಕಡೆ ಕುಸಿದು ರೈತರು ಬೀದಿಗೆ ಬಂದಿದ್ದರು. ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿ ತಮ್ಮ ರಾಂಚಿ ಫಾರಂಗೆ ಝಾಬುವಾದಿಂದ ಎರಡು ಸಾವಿರ ಕಡಕ್‌ನಾಥ್ ಮರಿ ಹೇಳಿಟ್ಟ ಸುದ್ದಿ 2020ರಲ್ಲಿ ಎಲ್ಲೆಡೆ ಓಡಾಡಿತು. 2021ರ ಜನವರಿಯಲ್ಲಿ ಹಕ್ಕಿಜ್ವರ ಆ ಮರಿಗಳನ್ನು ಕೊಡಬೇಕಿದ್ದ ಝಾಬುವಾದ ಫಾರಂಗೇ ಬಂತು, ಕೋಳಿಗಳನ್ನು ಕೊಲ್ಲಬೇಕಾಯಿತು. ಮೊದಲ ಸುದ್ದಿ ಓದಿದವರಲ್ಲಿ ಎರಡನೆಯದನ್ನೂ ಓದಿದವರು ಕಡಿಮೆ.

ಅಸೀಲ್ ವಿಷಯ ಇನ್ನೂ ಬೇರೆ. ಎತ್ತರದ ನಿಲುವು, ಬಿಗಿದ ಮೈ, ಗತ್ತಿನ ನಡೆ. ನೋಡಿದರೆ ಆಸೆ ಹುಟ್ಟುವುದು ಸಹಜ. ಕಾವು ಕೂರುವುದರಲ್ಲಿ, ಮರಿ ಕಾಯುವುದರಲ್ಲಿ ಅದರ ಹೇಂಟೆ ಗಟ್ಟಿ. ಆದರೆ ಎರಡು ಹುಂಜಗಳನ್ನು ಒಂದೇ ಅಂಗಳದಲ್ಲಿ ಬಿಡುವಂತಿಲ್ಲ, ಹೇಂಟೆಗಳೂ ಕಾದಾಡುತ್ತವೆ. ಚಿಕ್ಕ ಮಕ್ಕಳಿರುವ ಮನೆಗೆ ಅಸೀಲ್ ಹುಂಜ ತರುವ ಮೊದಲು ಎರಡು ಸಲ ಯೋಚಿಸಬೇಕು. ಇನ್ನು ಕೋಳಿ ಅಂಕದ ಆಸೆಯಿಂದ ತರುವವರಿಗೆ: 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಪ್ರಾಣಿಗಳನ್ನು ಕಾಳಗಕ್ಕೆ ಬಿಡುವುದು ಅಪರಾಧ.

ಅಪ್ಪಟ ಊರುಕೋಳಿ ಸಿಗುವುದು ಎಲ್ಲಿ? ಸಂತೆಯಲ್ಲಿ ‘ನಾಟಿ’ ಎಂದು ಬುಟ್ಟಿಯಲ್ಲಿಟ್ಟು ಮಾರುವುದೆಲ್ಲ ನಾಟಿಯಲ್ಲ. ಒಂದೇ ವಯಸ್ಸಿನ, ಒಂದೇ ಗಾತ್ರದ, ಒಂದೇ ಕೆಂಪು ಬಣ್ಣದ ಇಪ್ಪತ್ತು ಕೋಳಿ ಸಾಲಾಗಿ ಕುಳಿತಿದ್ದರೆ ಅವು ಹ್ಯಾಚರಿಯಿಂದ ಬಂದವೆಂದೇ ತಿಳಿಯಬೇಕು. ಊರುಕೋಳಿಯ ಹಿಂಡಿನಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳ ಒಳಹಳ್ಳಿಗಳಲ್ಲಿ, ಮುಖ್ಯವಾಗಿ ದೀವರ, ಒಕ್ಕಲಿಗರ, ಹಸಲರ ಮನೆಗಳಲ್ಲಿ ಕೋಳಿಯ ಉಸ್ತುವಾರಿ ಹೆಂಗಸರದು. ಯಾವ ಹೇಂಟೆ ಎಷ್ಟು ಸಲ ಮರಿ ಮಾಡಿದೆ, ಯಾವುದು ಮರಿ ಬಿಟ್ಟು ಓಡುತ್ತದೆ, ಯಾವುದು ಹದ್ದಿನ ಮೇಲೇ ಹಾರಿಹೋಗುತ್ತದೆ ಎಂಬ ದಾಖಲೆ ಅವರ ಬಾಯಲ್ಲಿರುತ್ತದೆ. ‘ಅಮ್ಮಾ, ನಿಮ್ಮಲ್ಲಿ ಮರಿ ಚೆನ್ನಾಗಿ ಸಾಕುವ ಹೇಂಟೆ ಯಾವುದು?’ ಎಂದು ಕೇಳಿ, ಅದರ ಮಗಳನ್ನು ಕೊಳ್ಳುವುದು ಯಾವ ಪ್ರಮಾಣಪತ್ರಕ್ಕೂ ಕಡಿಮೆಯಲ್ಲ. ಆ ಹೇಂಟೆಯನ್ನೇ ಕೊಡಿ ಎಂದರೆ ಮಾತ್ರ ಸಿಗಲಿಕ್ಕಿಲ್ಲ.

ಪಾಲಿಗೆ ಕೊಡುವ ಪದ್ಧತಿಯನ್ನೂ ನೆನಪಿಡಬಹುದು. ಒಬ್ಬರ ಹೇಂಟೆಯನ್ನು ಇನ್ನೊಬ್ಬರು ಸಾಕಿ, ಆದ ಮರಿಯಲ್ಲಿ ಅರ್ಧರ್ಧ ಹಂಚಿಕೊಳ್ಳುವುದು. ಹೊಸದಾಗಿ ಶುರುಮಾಡುವವರಿಗೆ ಕೈಯಿಂದ ದುಡ್ಡು ಹೋಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ ಕೊಟ್ಟವರು ಆಗಾಗ ಬಂದು ನೋಡಿ ತಪ್ಪು ತಿದ್ದುತ್ತಾರೆ.

ದೂರದ ತಳಿಯನ್ನು ತರುವುದಾದರೆ ಕೋಳಿಯ ಬದಲು ಮೊಟ್ಟೆ ತರುವುದು ಅಗ್ಗ, ರೋಗದ ಭಯವೂ ಕಡಿಮೆ. ಮೊಟ್ಟೆ ಇಟ್ಟು ಒಂದು ವಾರ ಮೀರಿರಬಾರದು. ಬಸ್ಸಿನಲ್ಲಿ ಕುಲುಕಿ ಬಂದದ್ದನ್ನು ಚೂಪು ತುದಿ ಕೆಳಗಾಗಿ ಇಟ್ಟು ಒಂದು ದಿನ ಸುಮ್ಮನೆ ಬಿಡಬೇಕು. ಆಮೇಲೆ ಕಾವಿಗೆ ಬಂದ ಊರು ಹೇಂಟೆಯ ಕೆಳಗೆ ಹತ್ತು-ಹನ್ನೆರಡು ಇಟ್ಟರೆ 21ನೇ ದಿನ ಮರಿ. ಏಳನೇ ರಾತ್ರಿ ಟಾರ್ಚಿನ ಬೆಳಕಿಗೆ ಹಿಡಿದು ನೋಡಿ, ಒಳಗೆ ನರದ ಜಾಲ ಕಾಣದ ಮೊಟ್ಟೆಗಳನ್ನು ತೆಗೆದುಬಿಡಬಹುದು. ತೆಲ್ಲಿಚೆರಿಯೋ ಕಡಕ್‌ನಾಥೋ, ಯಾವುದನ್ನು ಆರಿಸಿದರೂ ಮರಿ ಮಾಡಿಕೊಡುವ ಒಂದು ಊರು ಹೇಂಟೆ ಹಿಂಡಿನಲ್ಲಿ ಇರಲೇಬೇಕು ಎನ್ನುವುದು ಇದಕ್ಕೇ.

ಕಾಲದ ಲೆಕ್ಕ ತಪ್ಪಿದರೆ ಎಂಥ ತಳಿಯೂ ಉಳಿಯುವುದಿಲ್ಲ. ದೀಪಾವಳಿಯಿಂದ ಸಂಕ್ರಾಂತಿಯೊಳಗೆ ಮರಿಯಾದರೆ ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಅವು ಕನಿಷ್ಠ ಐದು ತಿಂಗಳ, ಗರಿ ಬಲಿತ ಕೋಳಿಗಳಾಗಿರುತ್ತವೆ. ಮೇ ಕೊನೆಯಲ್ಲಿ ತಂದ ಮರಿ ಜೂನ್ ದಾಟುವುದೇ ಅದೃಷ್ಟ. ಒದ್ದೆ ನೆಲದಲ್ಲಿ ರಕ್ತಭೇದಿ ಬಂತೆಂದರೆ ಎರಡು ಮೂರು ದಿನದಲ್ಲಿ ಗೂಡು ಖಾಲಿ. ಆದರೆ ಚಳಿಗಾಲದ ಮರಿಗೆ ಇನ್ನೊಂದು ಅಡ್ಡಿಯಿದೆ: ಅದು ಅಡಿಕೆ ಕೊಯ್ಲಿನ ಕಾಲ. ಅಂಗಳದಲ್ಲೆಲ್ಲ ಬೇಯಿಸಿದ ಅಡಿಕೆ ಹರಡಿರುತ್ತದೆ, ಅದರ ಮೇಲೆ ಕೋಳಿ ಓಡಾಡಿ ಗಲೀಜು ಮಾಡಿದರೆ ಮನೆಯವರಿಗೂ ಸಿಟ್ಟು, ವ್ಯಾಪಾರಿಗೂ ನೆಪ. ಒಂದೆರಡು ತಿಂಗಳ ಮಟ್ಟಿಗೆ ಹಿತ್ತಲ ಕಡೆ ಬಲೆ ಕಟ್ಟಿ ಜಾಗ ಮಾಡಿಕೊಡುವುದೇ ಸರಿ.

ನೆರೆಯವರ ತೋಟದ ಮಾತೂ ಇಲ್ಲೇ ಬರುತ್ತದೆ. ಹೆಗ್ಗೋಡಿನ ಸುತ್ತ ಹವ್ಯಕರ ಅಡಿಕೆ ತೋಟಗಳೂ ಕೋಳಿ ಸಾಕುವ ಮನೆಗಳೂ ಬೇಲಿ ಹಂಚಿಕೊಂಡಿವೆ. ಮರದ ಬುಡಕ್ಕೆ ಹಾಕಿದ ಸೊಪ್ಪು-ಗೊಬ್ಬರವನ್ನು ಕೋಳಿ ಒಂದೇ ಬೆಳಿಗ್ಗೆ ಕೆದರಿ ಚರಂಡಿಗೆ ತಳ್ಳುತ್ತದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ದಿನ, ಅದರ ಮಾರನೆಯ ದಿನ ಕೋಳಿಯನ್ನು ತೋಟಕ್ಕೆ ಬಿಡದಿರುವುದು ಅದರ ಆರೋಗ್ಯಕ್ಕೂ ಒಳ್ಳೆಯದು. ಮೈಲುತುತ್ತು ಬೆರೆತ ನೀರು ಎಲೆಯ ಮೇಲೆಲ್ಲ ನಿಂತಿರುತ್ತದೆ. ತಳಿಯ ವಿಚಾರಣೆಗೆ ಮುನ್ನ ಪಕ್ಕದ ಮನೆಯವರನ್ನು ಒಂದು ಮಾತು ಕೇಳಿದರೆ ಮುಂದಿನ ಹತ್ತು ಜಗಳ ತಪ್ಪುತ್ತವೆ.

ಗೂಡಿಗೆ ದುಬಾರಿ ಖರ್ಚು ಬೇಕಿಲ್ಲ. ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ಕಂಬ ನಿಲ್ಲಿಸಿ, ಅಡಿಕೆ ದಬ್ಬೆ ಹಾಸಿ, ಮೇಲೆ ಹಳೆಯ ಮಂಗಳೂರು ಹೆಂಚು ಹೊದಿಸಿದರೆ ಹಿಕ್ಕೆ ಕೆಳಗೆ ಬಿದ್ದು ನೆಲ ಒಣಗಿರುತ್ತದೆ. ಕೋಳಿಯೊಂದಕ್ಕೆ ಎರಡು ಚದರಡಿ ಸಾಕು, ಏಕೆಂದರೆ ಅದು ರಾತ್ರಿ ಮಲಗಲು ಮಾತ್ರ. ಮಳೆ ಬಡಿಯುವ ಪಡುವಣ ದಿಕ್ಕಿಗೆ ಸೋಗೆ ತಟ್ಟಿ. ಬಲೆ ಕೊಳ್ಳುವಾಗ ಮಾತ್ರ ಜಿಪುಣತನ ಬೇಡ: ಅರ್ಧ ಇಂಚಿನ ಕಣ್ಣಿನ ಬೆಸುಗೆ ಬಲೆಯೇ ಆಗಬೇಕು. ಅಂಗಡಿಯವರು ‘ಕೋಳಿ ಬಲೆ’ ಎಂದು ಕೊಡುವ ತೆಳು ತಂತಿಯದು ಕೋಳಿಯನ್ನು ಒಳಗಿಡುತ್ತದೆ ಅಷ್ಟೆ, ಹಾವನ್ನೋ ಕಾಡುಬೆಕ್ಕನ್ನೋ ಹೊರಗಿಡುವುದಿಲ್ಲ.

ರೋಗಗಳಲ್ಲಿ ಮೊದಲ ಭಯ ಕೊಕ್ಕರೆ ರೋಗದ್ದು. ಪಶುವೈದ್ಯರು ರಾಣಿಖೇತ್ ಎನ್ನುವುದು ಇದನ್ನೇ. ಊರುಕೋಳಿಗೆ ರೋಗವೇ ಬರುವುದಿಲ್ಲ ಎಂಬ ಮಾತನ್ನು ಈ ರೋಗ ಮತ್ತೆ ಮತ್ತೆ ಸುಳ್ಳು ಮಾಡಿದೆ. ಬೇಸಿಗೆಯ ಹೊತ್ತಿಗೆ ಒಂದು ಕೇರಿಗೆ ಹೊಕ್ಕರೆ ಹದಿನೈದು ದಿನದಲ್ಲಿ ಕೂಗುವ ಹುಂಜವೇ ಉಳಿಯುವುದಿಲ್ಲ. ಮರಿಗೆ ಒಂದು ವಾರವಾದಾಗ ಕಣ್ಣಿಗೋ ಮೂಗಿಗೋ ಹನಿ ಲಸಿಕೆ, ನಾಲ್ಕು ವಾರಕ್ಕೆ ಅದನ್ನೇ ಇನ್ನೊಮ್ಮೆ, ಎಂಟು ವಾರ ತುಂಬಿದ ಮೇಲೆ ರೆಕ್ಕೆಯಡಿ ಚುಚ್ಚುಮದ್ದು. ಸಿಡುಬಿನ ಲಸಿಕೆಯನ್ನೂ ಆರರಿಂದ ಎಂಟು ವಾರದ ನಡುವೆ ಹಾಕಿಸಬಹುದು. ತೊಂದರೆ ಏನೆಂದರೆ ಲಸಿಕೆಯ ಸೀಸೆ ಬರುವುದೇ ನೂರು ಅಥವಾ ಅದಕ್ಕಿಂತ ಹೆಚ್ಚು ಕೋಳಿಗೆ ಆಗುವಷ್ಟು. ಕರಗಿಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು, ಅದುವರೆಗೂ ಮಂಜುಗಡ್ಡೆಯಲ್ಲಿರಬೇಕು. ಆರು ಕೋಳಿಯವರು ಒಬ್ಬರೇ ತಂದರೆ ತೊಂಬತ್ತನಾಲ್ಕು ಪಾಲು ವ್ಯರ್ಥ. ಕೇರಿಯ ಏಳೆಂಟು ಮನೆ ಸೇರಿ ಒಂದು ಸಂಜೆ ಗೊತ್ತುಮಾಡಿ, ಊರಿನ ಪಶು ಆಸ್ಪತ್ರೆಯವರನ್ನು ಕೇಳಿಕೊಂಡರೆ ಒಂದೇ ಸೀಸೆಯಲ್ಲಿ ಎಲ್ಲರ ಕೆಲಸ ಆಗುತ್ತದೆ. ಹೊಸ ಕೋಳಿ ತಂದಾಗ ಎರಡು ಮೂರು ವಾರ ಬೇರೆ ಗೂಡಿನಲ್ಲಿಡುವುದನ್ನೂ ಮರೆಯಬಾರದು.

ಅಪರೂಪದ ಕೋಳಿ ತಂದವರು ಬಹುತೇಕ ಎಡವುವುದು ಎರಡನೇ, ಮೂರನೇ ವರ್ಷದಲ್ಲಿ. ಒಂದು ಹುಂಜ, ಎಂಟು ಹೇಂಟೆ ಎಂಬುದು ಚಂದದ ಹಿಂಡು. ಆದರೆ ಅದರ ಮರಿಗಳನ್ನೇ ತಮ್ಮತಮ್ಮೊಳಗೆ ಬೆಳೆಸುತ್ತ ಹೋದರೆ ಪ್ರತಿ ತಲೆಮಾರಿಗೂ ಒಳಸಂಬಂಧ ಸುಮಾರು ಶೇ 14ರಷ್ಟು ಏರುತ್ತದೆ. ಎರಡು ಹುಂಜ ಇಟ್ಟರೆ ಶೇ 8ಕ್ಕೆ ಇಳಿಯುತ್ತದೆ. ಅದರ ಫಲ ಕಾಣುವುದು ಮೊಟ್ಟೆ ಒಡೆಯದೆ ಉಳಿಯುವುದರಲ್ಲಿ, ಮರಿ ಸೊರಗುವುದರಲ್ಲಿ. ಎರಡು ಹುಂಜ ಸಾಕಲಾಗದ ಮನೆಗೆ ಹಳೆಯ ಉಪಾಯವೇ ಉಪಾಯ: ವರ್ಷಕ್ಕೊಮ್ಮೆ ಬೇರೆ ಊರಿನ ಮನೆಯೊಂದಿಗೆ ಹುಂಜ ಬದಲಾಯಿಸಿಕೊಳ್ಳುವುದು. ಹೆಗ್ಗೋಡಿನ ಹುಂಜ ಹೊಸನಗರಕ್ಕೆ, ಹೊಸನಗರದ್ದು ಕೋಣಂದೂರಿನ ಕಡೆಗೆ.

ಹಾಗೆ ಬದಲಾಯಿಸುವಾಗ ಯಾವ ಹುಂಜ ಕೊಡುತ್ತಾರೆ, ಯಾವುದನ್ನು ಉಳಿಸಿಕೊಳ್ಳುತ್ತಾರೆ ಎಂಬುದರಲ್ಲೇ ತಳಿಯ ಹಣೆಬರಹ ಇದೆ. ಮಲೆನಾಡಿನ ಮನೆಗಳಲ್ಲಿ ಬಲಿತು ಮಿಂಚುವ ಕೆಂಪು ಹುಂಜ ಮೊದಲು ಹೋಗುವುದು ಭೂತನ ಹರಕೆಗೆ. ಎರಡನೆಯ ದೊಡ್ಡದು ನೆಂಟರು ಬಂದ ದಿನ ಕಡುಬಿನ ಜೊತೆ ಸಾರಾಗುತ್ತದೆ. ಹಿಂಡಿಗೆ ಉಳಿಯುವುದು ಯಾರ ಕಣ್ಣಿಗೂ ಬೀಳದ ನರಪೇತಲ. ಮುಂದಿನ ವರ್ಷದ ಮರಿಗಳಿಗೆಲ್ಲ ಅದೇ ಅಪ್ಪ. ಆದರೆ ಹರಕೆಯಿಂದ ಒಂದು ಉಪಕಾರವೂ ಇದೆ. ಕೆಂಪಿನದು, ಕರಿಯದು ಎಂದು ಬಣ್ಣ ಕೇಳಿ ಕೊಳ್ಳುವವರು ಇರುವುದರಿಂದಲೇ ಹಿಂಡಿನಲ್ಲಿ ಇಷ್ಟು ಬಣ್ಣ ಉಳಿದಿವೆ. ಹರಕೆ ಬಿಡಬೇಕಿಲ್ಲ, ಸಾರೂ ಬಿಡಬೇಕಿಲ್ಲ. ನಾಲ್ಕು ತಿಂಗಳಾಗುವಾಗಲೇ ಹುಂಜಮರಿಗಳನ್ನು ಸಾಲಾಗಿ ನೋಡಿ, ಕಾಲು ನೇರವಿರುವ, ಮಳೆಯಲ್ಲೂ ಮೇಯಲು ಹೊರಡುವ, ಒಳ್ಳೆಯ ತಾಯಿಯ ಮಗನಾದ ಒಂದನ್ನು ಆರಿಸಿ, ಅದರ ಕಾಲಿಗೆ ಬಣ್ಣದ ದಾರ ಕಟ್ಟಿ, ಇದನ್ನು ಯಾರೂ ಮುಟ್ಟಬಾರದು ಎಂದು ಅಡುಗೆಮನೆಯಲ್ಲಿ ಮೊದಲೇ ಹೇಳಿಡಬೇಕು.